ಬೂದು ಮರಿಗಳ ಮಂಕರಿ

ನಮ್ಮ ಮುತ್ತಜ್ಜಿಯರೂ ಹುಟ್ಟಿರದ ಕಾಲದಲ್ಲಿ ಕೆಂಬರೆ ಎಂಬ ರಾಜ್ಯವಿತ್ತು. ಭಸ್ಮಾಂಗನೆಂಬ ಮಾಂತ್ರಿಕ ಅದನ್ನು ಆಳುತ್ತಿದ್ದ. ಅವನು ಸದಾ ಗರಿಗಳ ನಿಲುವಂಗಿ ತೊಡುತ್ತಿದ್ದ. ಒಂದೊಂದು ಗರಿಯೂ ಹಿಂದೆ ಒಬ್ಬ ಮನುಷ್ಯನಾಗಿತ್ತು. ಗಾಳಿ ಬೀಸದಿದ್ದರೂ ಆ ಗರಿಗಳು ನಡುಗುತ್ತಿದ್ದವು.

ಅಲ್ಲಿ ಸೂರವ್ವ ಎಂಬವಳು ಗಂಡ ಕೆಂಚ ಮತ್ತು ಅತ್ತೆ ಚಂದವ್ವನ ಜೊತೆ ಕೋಳಿ ಸಾಕಿಕೊಂಡಿದ್ದಳು. ಒಂದು ಬೆಳಿಗ್ಗೆ ಭಸ್ಮಾಂಗ ಅವಳ ಅಂಗಳಕ್ಕೇ ಬಂದ. ಅವನ ಕಂಕುಳಲ್ಲಿ ಬೂದು ಬಣ್ಣದ ಒಂದು ಹುಂಜ, ಬೂದು ಬಣ್ಣದ ಒಂದು ಹೇಂಟೆ.

“ಈ ಜೋಡಿಯ ವಂಶದಲ್ಲಿ ಒಂದು ಮಂಕರಿ ತುಂಬ ಮರಿ ಮಾಡಿಸು. ಎಲ್ಲವೂ ಬೂದಾಗಿರಬೇಕು. ಮೂರು ಸಲ ಕಾವಿಗೆ ಕೂರಿಸಬಹುದು. ತಪ್ಪಿದಾಗಲೆಲ್ಲ ನಿನ್ನ ಮನೆಯ ಒಬ್ಬರು ನನ್ನ ಅಂಗಿಗೆ.”

“ಮಾಡಿಸಿದರೆ?” ಎಂದ ಕೆಂಚ.

ಮಾಂತ್ರಿಕ ನಕ್ಕ. “ಅಂಗಿ ಬಿಚ್ಚಿ ಎಲ್ಲರನ್ನೂ ಬಿಡುತ್ತೇನೆ. ನನ್ನ ಉಸಿರಿನಾಣೆ! ನೂರು ವರ್ಷ ಹೆಣಗಿ ನಾನೇ ಸೋತಿದ್ದೇನೆ.”

ಅವನು ಹೋದ ಮೇಲೆ ಚಂದವ್ವ ಮೂಗು ಮುರಿದಳು. “ಅಪ್ಪ ಬೂದು, ಅವ್ವ ಬೂದು. ಮರಿ ಇನ್ಯಾವ ಬಣ್ಣ ಆದೀತು?”

ಮೊದಲ ಕಾವಿನ ಮೊಟ್ಟೆ ಒಡೆದವು. ಬೂದು ಮರಿಗಳ ನಡುವೆ ಕೆಲವು ಇದ್ದಿಲಿನಂತೆ ಕಪ್ಪು, ಕೆಲವು ಮಾಸಲು ಬಿಳಿ. ನೋಡಲು ಬಂದ ಭಸ್ಮಾಂಗ ಬೆರಳು ತೋರಿಸಿದ. ಕೆಂಚ ಕೂಗುವುದರೊಳಗೆ ಗರಿಯಾಗಿ ನೆಲಕ್ಕೆ ಬಿದ್ದ. ಮಾಂತ್ರಿಕ ಅಲ್ಲೇ ಕುಳಿತು ಅವನನ್ನು ಅಂಗಿಗೆ ಹೊಲಿದುಕೊಂಡ.

“ಬಣ್ಣಗೆಟ್ಟವುಗಳ ಕತ್ತು ಮುರಿ,” ಎಂದು ಹೇಳಿ ಹೋದ.

ಸೂರವ್ವನಿಗೆ ಕೈ ಬರಲಿಲ್ಲ. ಸೌದೆಯ ಹಿಂದೆ ಅವನ್ನು ಬಚ್ಚಿಟ್ಟಳು.

“ಗಂಡನನ್ನು ಗರಿ ಮಾಡಿದವಕ್ಕೆ ನುಚ್ಚು ಹಾಕುತ್ತೀಯಲ್ಲೇ!” ಎಂದು ಚಂದವ್ವ ಅತ್ತಳು.

“ಅವೇನು ಮಾಡಿದವು ಅತ್ತೆ? ಹುಟ್ಟಿದವು, ಅಷ್ಟೆ.”

ಬೂದು ಮರಿಗಳು ಬೆಳೆದವು. ಅವುಗಳಲ್ಲಿ ಅತ್ಯಂತ ಚೆಲುವಾದ ಜೋಡಿಯನ್ನು ಆರಿಸಿ ಸೂರವ್ವ ಎರಡನೆಯ ಸಲ ಮೊಟ್ಟೆ ಇಡಿಸಿ ಕಾವಿಗೆ ಕೂರಿಸಿದಳು. ಮತ್ತೆ ಕಪ್ಪು, ಮತ್ತೆ ಬಿಳಿ. ಮಾಂತ್ರಿಕನ ಬೆರಳು ಚಂದವ್ವನತ್ತ ತಿರುಗಿತು.

“ಸೂರೀ, ಗೂಡಿನ ಬಾಗಿಲು...” ಎಂದಳು ಚಂದವ್ವ. ಉಳಿದ ಮಾತು ಕೇಳಿಸಲಿಲ್ಲ.

ಈಗ ಮನೆಯಲ್ಲಿ ಸೂರವ್ವ ಒಬ್ಬಳೇ. ಮುಂದಿನ ಗರಿ ತಾನೇ. ಆದರೂ ಗೂಡು ಕೊಳಕಾಗಿರಬಾರದೆಂದು ಸುಣ್ಣ ಬಳಿಯಲು ಹೊರಟಳು. ಅಟ್ಟದಿಂದ ಕುಂಚ ಎಳೆಯುವಾಗ ಅಲ್ಲಿದ್ದ ಇದ್ದಿಲ ಪುಡಿ ಸುಣ್ಣದ ಗಡಿಗೆಗೆ ಸುರಿಯಿತು. ಕಲಕಿದಳು. ಸುಣ್ಣ ಬೂದಾಯಿತು.

ಸೂರವ್ವ ಗಡಿಗೆಯನ್ನೇ ನೋಡುತ್ತ ನಿಂತಳು. ಬೂದಿನೊಳಗೆ ಕಪ್ಪೂ ಇದೆ, ಬಿಳಿಯೂ ಇದೆ. ಅದಕ್ಕೇ ಬೂದು ಬಣ್ಣಕ್ಕೆ ಬೂದು ಸೇರಿದರೆ ಎರಡೂ ಹೊರಬೀಳುತ್ತವೆ. ಹಾಗಾದರೆ ಬರೀ ಕಪ್ಪಿಗೆ ಬರೀ ಬಿಳಿ ಸೇರಿದರೆ?

ಸೌದೆಯ ಹಿಂದೆ ಬೆಳೆದಿದ್ದ ಕಪ್ಪು ಹುಂಜವನ್ನೂ ಬಿಳಿ ಹೇಂಟೆಯನ್ನೂ ತಂದು, ಬೇರೆ ಹುಂಜ ಹತ್ತಿರ ಸುಳಿಯದಂತೆ ಒಂದೇ ಗೂಡಿನಲ್ಲಿ ಕೂಡಿಹಾಕಿದಳು. ಅವೂ ಆ ಜೋಡಿಯ ವಂಶವೇ ಅಲ್ಲವೇ?

ಮೊಟ್ಟೆ ಒಡೆಯುವ ದಿನ ಭಸ್ಮಾಂಗ ಸೂಜಿಗೆ ದಾರ ಪೋಣಿಸಿಕೊಂಡೇ ಬಂದ. ಮಂಕರಿಯಲ್ಲಿ ಚಿಪ್ಪುಗಳು ಬಿರುಕು ಬಿಟ್ಟವು. ಒಂದು ಬೂದು. ಇನ್ನೊಂದು ಬೂದು. ಮತ್ತೊಂದೂ ಬೂದೇ. ಕೊನೆಯದೊಂದು ಮೊಟ್ಟೆ ಮಾತ್ರ ಅಲುಗಲಿಲ್ಲ.

“ಇದರಲ್ಲಿ ಕಪ್ಪಿದೆ,” ಎಂದು ಮಾಂತ್ರಿಕ ಬೆರಳೆತ್ತಿದ. ಸೂರವ್ವನ ಬೆನ್ನಮೇಲೆ ಆಗಲೇ ಪುಕ್ಕ ಮೂಡಿದಂತೆ ಚುರುಗುಟ್ಟಿತು.

ಟಕ್ ಎಂದಿತು ಚಿಪ್ಪು. ಒದ್ದೆ ತಲೆಯೊಂದು ಹೊರಬಂತು. ಅದೂ ಬೂದು!

“ಇಲ್ಲ, ಇದು ಮೋಸ...” ಎಂದ ಭಸ್ಮಾಂಗ. ಅವನ ಬಾಯಿಂದ ಉಸಿರಿನ ಬದಲು ಬೂದಿ ಬಂತು. ಆಣೆ ಮುರಿಯಹೊರಟ ಉಸಿರು ಅವನನ್ನೇ ಸುಟ್ಟಿತ್ತು. ಕ್ಷಣದಲ್ಲಿ ಅಂಗಳದಲ್ಲಿ ಉಳಿದದ್ದು ಒಂದು ಹಿಡಿ ಬೂದಿ, ಖಾಲಿ ನಿಲುವಂಗಿ. ಗರಿಗಳು ಒಂದೊಂದಾಗಿ ಕಳಚಿ, ಕೈಕಾಲು ಬಂದು, ಎದ್ದು ನಿಂತವು. ಕೆಂಚ ಹೆಂಡತಿಯ ಕೈ ಹಿಡಿದುಕೊಂಡ.

ಆಮೇಲೆ ಕೆಂಬರೆಯ ಜನ ನೆಮ್ಮದಿಯಾಗಿ ಬಾಳಿದರು. ಬಣ್ಣ ನೋಡಿ ಮರಿಯ ಕತ್ತು ಮುರಿಯುವವರು ಅಲ್ಲಿ ಮತ್ತೆ ಹುಟ್ಟಲಿಲ್ಲ. ಆದರೆ ಆ ದಿನ ಎಲ್ಲರಿಗಿಂತ ಮೊದಲು ಮಾತಾಡಿದವಳು ಚಂದವ್ವ. ಸೆರಗು ಕೊಡವಿಕೊಳ್ಳುತ್ತ, ನಿಂತುಹೋಗಿದ್ದ ಮಾತನ್ನು ಮುಗಿಸಿದಳು:

“...ಹಾಕಿದೆಯೇನೇ?”