ಜಟ್ಟನ ಜೋಡುಕೋವಿಯೂ ನೂರ ನಲವತ್ತು ಹಂದಿಗಳೂ

ಬೆಟ್ಟಗಳು ಇನ್ನೂ ಎಳೆಯವಾಗಿದ್ದ ಕಾಲದಲ್ಲಿ ಹೆಬ್ಬಿದಿರೂರು ಅಂತ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಮಲ್ಲರಸ ಅಂತ ಒಬ್ಬ ರಾಜ. ಆ ರಾಜನ ಊರಿನ ಅಂಚಿನಲ್ಲಿ ಜಟ್ಟ ಅಂತ ಒಬ್ಬ ಬೇಟೆಗಾರ. ಅವನ ಹತ್ತಿರ ಒಂದು ಜೋಡುನಳಿಗೆ ಕೋವಿ. ಅಂಥ ಕೋವಿ ಅದಕ್ಕೆ ಮುಂಚೆ ಹುಟ್ಟಿರಲಿಲ್ಲ, ಆಮೇಲೂ ಹುಟ್ಟಲಿಲ್ಲ. ಬಲಗಡೆ ನಳಿಗೆ ಹಾರಿಸಿದರೆ ಏಳು ಊರಿನ ಮಡಕೆಗಳು ಬಿರುಕು ಬಿಡುತ್ತಿದ್ದವು. ಎಡಗಡೆಯದು ಹಾರಿಸಿದರೆ ಆ ಸದ್ದಿಗೆ ಹೆದರಿ ಬಿರುಕುಗಳು ಮತ್ತೆ ಕೂಡಿಕೊಳ್ಳುತ್ತಿದ್ದವು.

ಆ ವರ್ಷ ರಾಜ್ಯಕ್ಕೆ ಹಂದಿಕಾಟ ಶುರುವಾಯಿತು. ಅವು ಬೆಳೆ ತಿನ್ನುವ ಹಂದಿಗಳಲ್ಲ, ಬರೀ ನೆಲ ಉಳುವ ಹಂದಿಗಳು. ಹೊಲ, ಗದ್ದೆ, ಕಣ, ಕೊನೆಗೆ ಅರಮನೆಯ ಅಂಗಳ, ಎಲ್ಲವನ್ನೂ ಮೂತಿಯಿಂದ ಮೊಳದುದ್ದ ಬಗೆದು ಹಾಕಿದವು. ಬಾಣ ಬಿಟ್ಟರೆ ಬಾಣವೇ ಬಾಗಿತು. ಭರ್ಜಿ ಎಸೆದರೆ ಭರ್ಜಿಯೇ ಮುರಿಯಿತು.

ಒಂದು ಬೆಳಿಗ್ಗೆ ಜಟ್ಟ ತನ್ನ ರಾಗಿಹೊಲದ ಬದುವಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಮೋಟಿ, ಅವನ ಬೇಟೆನಾಯಿ. ಹುಟ್ಟುವಾಗಲೇ ಅರ್ಧ ಬಾಲ ತಾಯಿಯ ಹೊಟ್ಟೆಯಲ್ಲಿ ಬಿಟ್ಟು ಬಂದಿದ್ದರಿಂದ ಆ ಹೆಸರು. ಪೊದೆಯಿಂದ ಒಂದು ಹಂದಿ ಈಚೆ ಬಂತು. ಜಟ್ಟ ಗುರಿ ಹಿಡಿದ, ಈಡು ಹೊಡೆದ. ಹಂದಿಯ ಕಿವಿಯ ತುದಿ ಹಾರಿತು.

ಹಂದಿ ತಿರುಗಿ ನಿಂತು, "ಭಾವ, ಕಣ್ಣಿಗೇನು ಸಗಣಿ ಮೆತ್ಕೊಂಡಿದ್ದೀರಾ? ನಾನು ಕೆಂಚ" ಅಂದಿತು. ಅಷ್ಟು ಅಂದು ಗುರ್‌ಗುಟ್ಟುತ್ತ ಕಾಡಿಗೆ ನುಗ್ಗಿತು.

ಕೆಂಚ ಅಂದರೆ ಜಟ್ಟನ ಹೆಂಡತಿ ಸಾಕವ್ವನ ತಮ್ಮ. ಜೇನು ಕೀಳಲು ನೂರುಬಾವಿ ಕಾಡಿಗೆ ಹೋದವನು ನಾಲ್ಕು ತಿಂಗಳಾದರೂ ಬಂದಿರಲಿಲ್ಲ. ನಳಿಗೆ ಒಂದು ಬೆರಳು ಈಚೆ ಇದ್ದಿದ್ದರೆ ಮೈದುನನನ್ನೇ ಸುಟ್ಟು ತಿನ್ನಬೇಕಾಗಿತ್ತು. ಜಟ್ಟ ಎದ್ದು ಬಿದ್ದು ಮನೆಗೆ ಬಂದು ಹೆಂಡತಿಗೆ ಹೇಳಿದ.

ಸಾಕವ್ವ ಒನಕೆ ಕೆಳಗಿಟ್ಟಳು. "ಜೀವಕ್ಕೆ ಏನೂ ಆಗಿಲ್ಲ ತಾನೆ?"

"ಕಿವಿ ತುದಿ ಅಷ್ಟೇ ಹೋಗಿದ್ದು."

"ಏಳು ಊರಲ್ಲಿ ನನ್ನಂಥ ಗುರಿಗಾರ ಇಲ್ಲ ಅಂತಿದ್ರಿ. ಸದ್ಯ, ಅದು ಸುಳ್ಳಾಯ್ತು" ಅಂತ ಸಾಕವ್ವ ಕಣ್ಣೊರೆಸಿಕೊಂಡಳು. "ನೀವು ಏನಾದ್ರೂ ಮಾಡಿ, ನನ್ನ ತಮ್ಮ ನನಗೆ ಬೇಕು. ಹಂದಿಯಾಗಿ ಅಲ್ಲ, ಮನುಷ್ಯನಾಗಿ."

ಜಟ್ಟ ನೆಟ್ಟಗೆ ಚೆನ್ನಜ್ಜಿಯ ಕುಲುಮೆಗೆ ಹೋದ. ಆ ಜೋಡುಕೋವಿ ಮಾಡಿಕೊಟ್ಟಿದ್ದೇ ಕಮ್ಮಾರರ ಚೆನ್ನಜ್ಜಿ. ಅವಳಿಗೆ ಮುನ್ನೂರು ವರ್ಷ. ತಿಳಿಯದ ಸಂಗತಿ ಇರಲಿಲ್ಲ.

"ಅದು ಸೋರೆಬುರುಡೆ ಮಾಂತ್ರಿಕನ ಕೆಲಸ ಕಣ್ಲಾ" ಅಂದಳು ಅಜ್ಜಿ. "ಈ ನೆಲದೊಳಗೆ ಎಲ್ಲೋ ಒಂದು ಸಾವಿಲ್ಲದ ಗೆಡ್ಡೆ ಇದೆ. ಅದನ್ನ ತಿಂದವನು ಸಾಯಲ್ಲ. ಅದನ್ನ ಅಗೆಸೋಕೆ ಅವನಿಗೆ ಆಳು ಬೇಕಿತ್ತು. ಕಾಡಿಗೆ ಕಾಲಿಟ್ಟ ನೂರ ನಲವತ್ತು ಜನರನ್ನ ಹಂದಿ ಮಾಡಿಟ್ಟಿದ್ದಾನೆ. ಒಬ್ಬೊಬ್ಬರಿಗೂ ಒಂದೇ ಒಂದು ಮಾತು ಆಡೋಕೆ ಬಿಟ್ಟಿದ್ದಾನೆ, ಜನ್ಮಕ್ಕೆ ಒಂದೇ."

"ಅಯ್ಯೋ, ನಮ್ಮ ಕೆಂಚ ಅದನ್ನ ನನಗೆ ಬೈಯೋಕೆ ಖರ್ಚು ಮಾಡಿದನಲ್ಲಜ್ಜಿ."

"ಬೈಸ್ಕೊಳ್ಳೋ ಅಂಥವನೇ ನೀನು. ಕೇಳು. ಹಗಲೆಲ್ಲ ಅವನೂ ಹಂದಿಯಾಗಿ ಆ ಹಿಂಡಲ್ಲೇ ಇರ್ತಾನೆ, ಕಾವಲಿಗೆ. ನಿನ್ನ ಕೋವಿಯ ಎರಡೂ ನಳಿಗೆ ಒಟ್ಟಿಗೆ ಅವನ ಮೈಗೆ ಹಾರಿದ್ರೆ ಮಾಯ ಕಳೀತದೆ. ಬೇರೆ ಹಂದಿಗೆ ತಾಗಿದ್ರೆ ಒಬ್ಬ ಮನುಷ್ಯ ಸತ್ತ ಅಂತ ತಿಳ್ಕೊ."

"ಅವನು ಯಾವ ಹಂದಿ ಅಂತ ಹೆಂಗೆ ಗೊತ್ತಾಗ್ತದೆ?"

"ಅದು ನನಗೂ ಗೊತ್ತಿಲ್ಲ" ಅಂದಳು ಅಜ್ಜಿ. ಮುನ್ನೂರು ವರ್ಷದಲ್ಲಿ ಆ ಮಾತು ಅವಳ ಬಾಯಲ್ಲಿ ಬಂದಿದ್ದು ಅದೊಂದೇ ಸಲ. ಆರು ಗುಂಡು ಎರಕ ಹೊಯ್ದು ಕೊಟ್ಟು ಕಳಿಸಿದಳು.

ಜಟ್ಟ ರಾಜನ ಹತ್ತಿರ ಹೋಗಿ ಎಲ್ಲ ಹೇಳಿದ. ರಾಜ ಕಾಡಿಗೆ ಬೆಂಕಿ ಹಾಕಿಸಲು ಆಗಲೇ ಕೊಳ್ಳಿ ಕಟ್ಟಿಸುತ್ತಿದ್ದ.

"ಜಟ್ಟಾ, ಇನ್ನು ಮೂರು ದಿನ ಬಿಟ್ಟರೆ ಬಿತ್ತನೆಯ ಹದ ಹೋಗುತ್ತೆ. ನೂರ ನಲವತ್ತು ಜನರನ್ನ ನೋಡಲೋ, ಇಡೀ ರಾಜ್ಯವನ್ನ ನೋಡಲೋ?"

"ಮೂರನೇ ದಿನ ನಡುಮಧ್ಯಾಹ್ನದವರೆಗೆ ಕಾಯಿರಿ ಬುದ್ಧಿ. ಎರಡೂ ನಳಿಗೆ ಒಟ್ಟಿಗೆ ಹಾರಿದ ಸದ್ದು ಕೇಳಿದ್ರೆ ಕೊಳ್ಳಿ ಆರಿಸಿ."

"ಕೇಳದಿದ್ದರೆ?"

"ನನ್ನನ್ನೂ ಸೇರಿಸಿ ಹಚ್ಚಿ."

ಜಟ್ಟ ಮೋಟಿಯನ್ನು ಕರೆದುಕೊಂಡು ಕಾಡು ಹೊಕ್ಕ.

ಮೊದಲನೆಯ ದಿನ ಒಂದು ಮೊಲ ಅಡ್ಡ ಬಂತು. "ಎಲ್ಲಿಗೆ ಹೊರಟೆ?" ಅಂದಿತು.

"ಮೈದುನನ್ನ ಕರೆತರೋಕೆ."

"ನನ್ನ ಹೊಡೆದು ಹೋಗು" ಅಂತ ಓಡಿತು. ಎಂಥ ಓಟ. ನೆರಳು ಹಿಂದೆ ಉಳಿದು, ಏದುಸಿರು ಬಿಡುತ್ತ ಅದನ್ನು ಹುಡುಕಿಕೊಂಡು ಬರುತ್ತಿತ್ತು. ಜಟ್ಟ ಬಲನಳಿಗೆ ಹಾರಿಸಿದ. ಮೊಲ ಗುಂಡಿಗಿಂತ ಮುಂದೆ ಓಡಿತು. ಬೆಟ್ಟ ಸುತ್ತಿತು ಮೊಲ, ಬೆಟ್ಟ ಸುತ್ತಿತು ಗುಂಡು. ಜಟ್ಟ ಯೋಚಿಸಿ, ತಿರುಗಿ ನಿಂತು, ಎಡನಳಿಗೆಯನ್ನು ಎದುರು ದಿಕ್ಕಿಗೆ ಹಾರಿಸಿದ. ಹಿಂದಿನ ಗುಂಡನ್ನೇ ನೋಡಿಕೊಂಡು ಓಡಿ ಬರುತ್ತಿದ್ದ ಮೊಲ ಮುಂದಿನ ಗುಂಡಿಗೆ ಹಣೆ ಕೊಟ್ಟಿತು. ಜಟ್ಟ ಅದನ್ನು ಹೆಗಲಿಗೆ ಹಾಕಿಕೊಂಡು ಉಸ್ಸೆಂದು ಮುಂದೆ ನಡೆದ.

ಎರಡನೆಯ ದಿನ ಒಂದು ಕಾಡುಹುಂಜ ಅಡ್ಡ ಬಂತು. "ಎಲ್ಲಿಗೆ ಹೊರಟೆ?" ಅಂದಿತು.

"ಮೈದುನನ್ನ ಕರೆತರೋಕೆ."

"ನನ್ನ ಹೊಡೆದು ಹೋಗು" ಅಂತ ಕೂಗಿತು. ಒಂದು ಕೂಗಿಗೆ ಜಟ್ಟನ ಕಾಲು ನಿದ್ದೆ ಹೋದವು. ಎರಡನೇ ಕೂಗಿಗೆ ಕೈ ನಿದ್ದೆ ಹೋದವು. ಮೂರನೇ ಕೂಗಿಗೆ ಕಣ್ಣು ನಿದ್ದೆ ಹೋದರೆ ಮತ್ತೆ ಏಳುವುದಿಲ್ಲ. ಹುಂಜ ಕತ್ತು ಎತ್ತಿತು. ಜಟ್ಟ ಕೋವಿಯ ಮೇಲೆ ಬಿದ್ದು, ಗಲ್ಲದಿಂದ ನಳಿಗೆ ತಿರುಗಿಸಿ, ಹಲ್ಲಿನಿಂದ ಕೋವಿಯ ಕುದುರೆಕೀಲು ಕಚ್ಚಿ ಎಳೆದ. ಹುಂಜ ಬಿತ್ತು. ಜಟ್ಟನ ಎರಡು ಹಲ್ಲೂ ಬಿದ್ದವು. ಕೈಕಾಲು ಎಚ್ಚರವಾದಾಗ ಅವನಿಗೆ ಹಲ್ಲಿನ ಚಿಂತೆ ಇರಲಿಲ್ಲ. ಹುಂಜವನ್ನೂ ಹೆಗಲಿಗೆ ಹಾಕಿಕೊಂಡ.

ಮೂರನೆಯ ದಿನ ಬೆಳಿಗ್ಗೆ ಒಂದು ಮುಳ್ಳುಹಂದಿ ಅಡ್ಡ ಬಂತು. ಅದು ಕೂತರೆ ಗುಡಿಸಲಿನಷ್ಟು, ಮುಳ್ಳು ಬಿಡಿಸಿದರೆ ಬಣವೆಯಷ್ಟು.

"ನಾನು ಮೈದುನನ್ನ ಕರೆತರೋಕೆ ಹೊರಟಿದ್ದೀನಿ" ಅಂದ ಜಟ್ಟ, ಅದು ಕೇಳುವ ಮುಂಚೆಯೇ. "ನಿನ್ನ ಹೊಡೆದು ಹೋಗ್ಬೇಕು. ಗೊತ್ತು."

ಬಲನಳಿಗೆಯ ಗುಂಡು ಅದರ ಮುಳ್ಳಿಗೆ ತಾಗಿ ಠಣ್ಣಂತ ಹಿಂದಕ್ಕೆ ಬಂತು. ಮುಳ್ಳುಹಂದಿ ಮೈ ಕೊಡವಿತು. ಮುಳ್ಳಿನ ಮಳೆ ಸುರಿಯಿತು. ಜಟ್ಟನಿಗೆ ಉಳಿದಿದ್ದೇ ಎರಡು ಗುಂಡು, ಅವು ಮಾಂತ್ರಿಕನಿಗೆ ಬೇಕು. ಆಗ ಹಾರಿ ಬಂದ ಮುಳ್ಳೊಂದು ಬಲನಳಿಗೆಯೊಳಗೇ ಹೊಕ್ಕು ಕೂತಿತು. "ನಿನ್ನದು ನಿನಗೇ" ಅಂತ ಜಟ್ಟ ಕೋವಿಯ ಕಿವಿಯಲ್ಲಿ ಮದ್ದು ಸುರಿದು ಅದನ್ನೇ ಹಾರಿಸಿದ. ಮುಳ್ಳು ಮೂಗಿನಲ್ಲಿ ಹೊಕ್ಕು ಬಾಲದಲ್ಲಿ ಬಂತು. ಸತ್ತ ಮೇಲೆ ಮಾಯ ಇಳಿದು ಅದು ಎಲ್ಲ ಮುಳ್ಳುಹಂದಿಗಳಷ್ಟೇ ಆಯಿತು. ಮೂರೂ ಬೇಟೆ ಹೆಗಲಿಗೆ ಬಂದವು.

ಮುಂದೆ ನಡೆದರೆ ಬಯಲು. ಬಯಲ ತುಂಬ ಹಂದಿಗಳು. ಜಟ್ಟ ಎಣಿಸಿದ. ನೂರ ನಲವತ್ತೊಂದು.

ಅವುಗಳಲ್ಲಿ ಒಂದು ದೊಡ್ಡ ಸಲಗ. ಅದರ ಕೋರೆಯ ಮೇಲೆ ಹದ್ದು ಗೂಡು ಕಟ್ಟಬಹುದಿತ್ತು. ಇವನೇ ಮಾಂತ್ರಿಕ ಅಂತ ಜಟ್ಟ ಗುಂಡು ತುಂಬಿ, ಕೋವಿ ಏರಿಸಿ, ಬೆರಳು ಇಟ್ಟ. ಬೆರಳು ಅಲ್ಲೇ ನಿಂತಿತು. ದೊಡ್ಡ ದೇಹಕ್ಕೆ ಕೆಟ್ಟ ಬುದ್ಧಿಯೇ ಇರಬೇಕು ಅಂತ ಯಾರು ಹೇಳಿದ್ದು? ಕೋವಿ ಇಳಿಸಿದ. ಬಿಸಿಲು ನೆತ್ತಿಗೆ ಬರುತ್ತಿತ್ತು. ಕಾಡಿನ ಅಂಚಿನಿಂದ ರಾಜನ ಕಹಳೆ ಕೇಳಿತು. ಹೊಟ್ಟೆ ಬೇರೆ ಚುರುಗುಟ್ಟಿತು. ಸಾಯುವುದಾದರೂ ಹೊಟ್ಟೆ ತುಂಬಿ ಸಾಯೋಣ ಅಂತ ಬೆಂಕಿ ಒಟ್ಟಿ ಬೇಟೆ ಸುಡಲು ಕೂತ.

ವಾಸನೆಗೆ ಹಂದಿಗಳು ಒಂದೊಂದಾಗಿ ಬಂದು ಸುತ್ತ ಕೂತವು. ನಾಲ್ಕು ತಿಂಗಳಿಂದ ಬೇರು ಜಗಿದ ಬಾಯಿಗಳಿಂದ ನೀರು ಸುರಿಯುತ್ತಿತ್ತು. ಆದರೂ ಒಂದೂ ಮುಂದೆ ಬರಲಿಲ್ಲ. ಒಂದೊಂದೂ ಬಾಯಲ್ಲಿ ಮುತ್ತುಗದ ಎಲೆ ಕಚ್ಚಿ ತಂದು ಮುಂದೆ ಇಟ್ಟುಕೊಂಡಿತ್ತು.

ಜಟ್ಟ ಆ ಎಲೆಗಳನ್ನು ನೋಡಿದ. ನೋಡಿ, ಎದೆಯ ಮೇಲಿನ ಕಲ್ಲು ಅರ್ಧ ಇಳಿದಂತಾಯಿತು.

ಹೆಬ್ಬಿದಿರೂರಿನಲ್ಲಿ ಬೇಟೆಯ ಪಾಲಿಗೆ ಒಂದು ಕಟ್ಟಳೆ. ಪಾಲು ಎತ್ತುವ ಮುಂಚೆ ಬಂದು ಕೂತವರಿಗೆಲ್ಲ ಪಾಲುಂಟು, ಹಗೆಯಾದರೂ ಸರಿ. ಆದರೆ ಮೊದಲ ಪಾಲು ನಾಯಿಗೆ. ನಾಯಿ ತಿಂದು ಮುಗಿಸುವವರೆಗೆ ರಾಜನಾದರೂ ಕೈ ಚಾಚುವಂತಿಲ್ಲ. ಇದು ತೊಟ್ಟಿಲ ಮಗುವಿಗೂ ಗೊತ್ತು. ಪರದೇಶದಿಂದ ಬಂದು, ಒಬ್ಬನೇ ಉಂಡು, ಒಬ್ಬನೇ ಮಲಗುವ ಮಾಂತ್ರಿಕನಿಗೆ ಯಾರು ಹೇಳಿಕೊಟ್ಟಿರುತ್ತಾರೆ?

ಜಟ್ಟ ಮೊಲದ ತೊಡೆಯನ್ನು ಎಲೆಯ ಮೇಲಿಟ್ಟು, ಹತ್ತು ಹೆಜ್ಜೆ ಆಚೆ ಒಯ್ದು ಇಳಿಸಿದ. "ಮೋಟಿ, ನಿನ್ನ ಪಾಲು ತಗೋ ತಾಯಿ."

ಮೋಟಿ ನಿಧಾನವಾಗಿ ತಿನ್ನತೊಡಗಿತು. ಹಂದಿಗಳು ಕೂತೇ ಇದ್ದವು. ದೊಡ್ಡ ಸಲಗ ಎಲ್ಲರಿಗಿಂತ ನೆಟ್ಟಗೆ ಕೂತು, ಕಣ್ಣು ಮುಚ್ಚಿ ತಡೆದುಕೊಂಡಿತ್ತು. ಆಗ ಹಿಂದಿನ ಸಾಲಿನಿಂದ ಒಂದು ಬಡಕಲು ಹಂದಿ, ಊದಿದರೆ ಹಾರುವಂಥದ್ದು, ಎದ್ದು ಎಲ್ಲರನ್ನೂ ದಾಟಿ ಮೋಟಿಯ ಎಲೆಗೇ ಬಾಯಿ ಹಾಕಿತು.

ಕೂತ ಹಂದಿಗಳೆಲ್ಲ ಒಟ್ಟಿಗೆ ಗುರ್ ಅಂದವು.

ಜಟ್ಟ ಕೋವಿ ಏರಿಸಿದ. ಆದರೆ ಮೋಟಿ ತನ್ನ ಪಾಲು ಬಿಡುವ ನಾಯಿಯೇ? ಬಡಕಲು ಹಂದಿಯ ಕಿವಿ ಹಿಡಿದು ಜೋತುಬಿತ್ತು. ಗುಂಡು ಬಿಟ್ಟರೆ ಇಬ್ಬರಿಗೂ.

"ಮೋಟಿ, ಬಿಡೇ. ನಿನ್ನ ಕಾಲಿಗೆ ಬೀಳ್ತೀನಿ, ಬಿಡೇ."

ಮೋಟಿ ಬಿಡಲಿಲ್ಲ. ಕಹಳೆ ಎರಡನೇ ಸಲ ಕೂಗಿತು. ಆಗ ಸಾಲಿನಿಂದ ಒಂದು ಮೋಟುಕಿವಿಯ ಹಂದಿ ಎದ್ದು, ತಲೆ ತಗ್ಗಿಸಿ ಓಡಿ ಬಂದು ಮೋಟಿಯ ಪಕ್ಕೆಗೆ ಗುದ್ದಿತು. ನಾಯಿಯೂ ಅದೂ ಉರುಳಿ ಆಚೆ ಬಿದ್ದವು. ಜಟ್ಟ ಎರಡೂ ಕುದುರೆ ಒಟ್ಟಿಗೆ ಎಳೆದ.

ಆ ಸದ್ದಿಗೆ ಮೋಡಗಳು ಎರಡು ಗಾವುದ ಹಿಂದೆ ಸರಿದವು. ಜಟ್ಟ ಕೋವಿಯ ಒದೆತಕ್ಕೆ ಹಾರಿ ಒಂದು ಮರದ ಕವಲಲ್ಲಿ ಸಿಕ್ಕಿಕೊಂಡ. ಬಡಕಲು ಹಂದಿ ಇದ್ದ ಜಾಗದಲ್ಲಿ ಒಡೆದ ಸೋರೆಬುರುಡೆ, ಒಂದು ಹಿಡಿ ಬೂದಿ.

ಮಾಯ ಕಳೆಯಿತು. ನೂರ ನಲವತ್ತು ಹಂದಿಗಳೂ ನೂರ ನಲವತ್ತು ಜನರಾದರು. ದೊಡ್ಡ ಸಲಗ ಊರಿನ ಸೂಲಗಿತ್ತಿ ಕಾಳಮ್ಮ. ಜಟ್ಟ ತಾನು ಹುಟ್ಟುವಾಗ ಮೊದಲು ಎತ್ತಿಕೊಂಡವಳನ್ನೇ ಸುಡಲು ಹೋಗಿದ್ದ.

"ಇಳೀರಿ ಭಾವ" ಅಂದ ಕೆಂಚ, ಮರದ ಕೆಳಗೆ ನಿಂತು. "ನಾಲ್ಕು ತಿಂಗಳ ಮಾತು ಹೊಟ್ಟೇಲಿದೆ. ಎಲ್ಲ ನಿಮಗೇ."

"ಬೈಯಪ್ಪ, ಎಷ್ಟು ಬೇಕಾದ್ರೂ ಬೈ" ಅಂದ ಜಟ್ಟ. ಅಂದು ಅಲ್ಲೇ ಕವಲಲ್ಲೇ ಕೂತು ಅತ್ತುಬಿಟ್ಟ.

ಸದ್ದು ಕೇಳಿ ಕೊಳ್ಳಿಗಳು ಆರಿದ್ದವು. ರಾಜ ಕುದುರೆ ಬಿಟ್ಟುಕೊಂಡು ಬಂದ. ಹಿಂದೆ ಸಾಕವ್ವ, ಸಾಕವ್ವನ ಹಿಂದೆ ಊರಿಗೆ ಊರೇ. ಬಂದು ನೋಡಿದರೆ ನೂರ ನಲವತ್ತು ಜನ ಮೈತುಂಬ ಮಣ್ಣು ಮೆತ್ತಿಕೊಂಡು, ಎಲೆ ಮುಂದಿಟ್ಟುಕೊಂಡು ಕೂತೇ ಇದ್ದಾರೆ. ಒಬ್ಬರೂ ಏಳುತ್ತಿಲ್ಲ.

"ಗೆದ್ದಿರಲ್ಲ, ಇನ್ನೂ ಯಾಕೆ ಕೂತಿದ್ದೀರಿ?" ಅಂದ ರಾಜ.

"ನಾಯಿದು ಇನ್ನೂ ಆಗಿಲ್ಲ ಬುದ್ಧಿ" ಅಂದಳು ಕಾಳಮ್ಮ.

ರಾಜ ಕುದುರೆಯಿಂದ ಇಳಿದ. ಒಂದು ಎಲೆ ಕಿತ್ತುಕೊಂಡು ಸಾಲಿನ ಕೊನೆಯಲ್ಲಿ ಕೂತ. ಸಾಕವ್ವ ತಮ್ಮನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಬಿಸಿಲು ಹಿತವಾಗಿತ್ತು. ಯಾರಿಗೂ ಆತುರವಿರಲಿಲ್ಲ. ಮೋಟಿ ಮೂಳೆಯನ್ನು ಈ ಕಡೆಯಿಂದ ಕಡಿಯಿತು, ಆ ಕಡೆಯಿಂದ ಕಡಿಯಿತು, ಎಲೆಯನ್ನು ನೆಕ್ಕಿತು, ಆಮೇಲೆ ಆಕಳಿಸಿ ನೆರಳಿಗೆ ಹೋಗಿ ಮಲಗಿತು.

ಜಟ್ಟ ಕತ್ತಿ ಎತ್ತಿಕೊಂಡ. ಒಬ್ಬೊಬ್ಬರಿಗೆ ಸಿಕ್ಕಿದ್ದು ಉಗುರಿನಷ್ಟು. ಆ ಉಗುರಿನಷ್ಟು ತಿಂದು ಇಡೀ ರಾಜ್ಯ ತೇಗಿತು. ಹಂದಿಗಳು ಅಗೆದ ನೆಲ ಉಳುವ ಕೆಲಸವನ್ನೇ ಉಳಿಸಿತ್ತು, ಹದ ತಪ್ಪುವ ಮುಂಚೆ ಬಿತ್ತಿದರು. ಆ ವರ್ಷ ರಾಗಿತೆನೆ ಆಳೆತ್ತರ ಬೆಳೆದು, ಹೆಬ್ಬಿದಿರೂರಿನವರು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ಇವತ್ತಿಗೂ ನಾಯಿಗೆ ಹಾಕಿದ ಮೇಲೆ ತಾವು ಉಣ್ಣುತ್ತ ಸುಖವಾಗಿದ್ದಾರೆ.