ಮುಖಪುಟದಲ್ಲಿ ಬೆನ್ನು ಮಾಡಿ ನಿಂತವನು

“ಮತ್ತೆ ಅವನ ಬೆನ್ನ ಮೇಲೇ ಹಾಕಿದ್ದೀರಾ?!”

ಮುಖಪುಟದ ಪ್ರೂಫನ್ನು ಅವಳು ಕುಕ್ಕಿದ ರಭಸಕ್ಕೆ ಮೇಜಿನ ಮೇಲಿದ್ದ ಪೆನ್ನುಗಳೆಲ್ಲ ಉರುಳಿದವು. ವಾರಪತ್ರಿಕೆಯ ಪುಟ ವಿನ್ಯಾಸಕ ಕುರ್ಚಿ ತಿರುಗಿಸಿದ. ಆರು ತಿಂಗಳಿಂದ ಅವನ ಹಿಂದಿನ ಮೇಜಿನಲ್ಲೇ ಕೂತು ಚಿತ್ರ ಬರೆಯುತ್ತಿದ್ದರೂ, ಅವಳು ಅವನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಹಾಳಾದ್ದು, ಆ ಕೋಪದಲ್ಲೂ ಎದೆ ಡವಡವ ಅಂದಿತು!

“ತಲೆಬರಹ ಎಲ್ಲಾದ್ರೂ ಹಾಕ್ಲೇಬೇಕಲ್ವಾ ಮೇಡಂ?”

“ಅಷ್ಟಗಲ ಆಕಾಶ ಖಾಲಿ ಬಿಟ್ಟಿದ್ದೀನಿ, ಕಣ್ಣು ಕಾಣಲ್ವಾ? ‘ಮಂಡಿನೋವಿಗೆ ಮನೆಮದ್ದು’ ಅವನ ಬೆನ್ನ ಮೇಲೇ ಕೂರ್ಬೇಕಾ?”

ಅವಳ ಸಂಕಟ ಅವಳಿಗೇ ಗೊತ್ತು. ಹತ್ತು ವಾರದಿಂದ ಮುಖಪುಟಗಳಲ್ಲಿ ಅವಳು ಒಂದೇ ಕಥೆ ಹೇಳುತ್ತಿದ್ದಳು. ಪ್ರತಿ ಚಿತ್ರದಲ್ಲೂ ಬೆನ್ನು ಮಾಡಿ ನಿಂತ ಒಬ್ಬ ಗಂಡಸು. ಒಮ್ಮೆ ಬಸ್ ನಿಲ್ದಾಣದಲ್ಲಿ, ಒಮ್ಮೆ ಪುಸ್ತಕದಂಗಡಿಯ ಮುಂದೆ. ದೂರದ ಮೂಲೆಯಲ್ಲಿ ಹಳದಿ ಕೊಡೆ ಹಿಡಿದ, ಉಗುರಿನಷ್ಟು ಹುಡುಗಿ. ವಾರ ವಾರಕ್ಕೂ ಆ ಹುಡುಗಿ ಸ್ವಲ್ಪ ಸ್ವಲ್ಪ ಹತ್ತಿರ ಬರುತ್ತಿದ್ದಳು. ಈ ವಾರ ಅವನ ಹಿಂದೆಯೇ ನಿಂತು, ಹೆಗಲು ತಟ್ಟಲು ಕೈ ಎತ್ತಿದ್ದಳು. ಬಾಯಿಬಿಟ್ಟು ಹೇಳಲಾಗದ್ದನ್ನು ಹೀಗೆ ಹೇಳಲು ಹೊರಟರೆ... ಈ ಮಹಾಶಯ ಹತ್ತು ವಾರವೂ ಸರಿಯಾಗಿ ಅಲ್ಲೇ ತಲೆಬರಹ ಅಂಟಿಸಿದ್ದ!

ಈಗ ಪಾಪ, ಆ ಹುಡುಗಿ ಮಂಡಿನೋವಿನ ಹೆಗಲು ತಟ್ಟಬೇಕು.

‘ಇವನಿಗೆ ಎಲ್ಲ ಗೊತ್ತಾಗಿದೆ. ಬೇಡ ಅನ್ನೋದನ್ನ ಹೀಗೆ ಹೇಳ್ತಿದ್ದಾನೆ...’ ಎನ್ನಿಸಿತು ಅವಳಿಗೆ.

“ನಾಲ್ಕು ಗಂಟೆಗೆ ಪುಟ ಮುದ್ರಣಕ್ಕೆ ಹೋಗುತ್ತೆ. ಅಷ್ಟರೊಳಗೆ ತಲೆಬರಹ ಮೇಲೆ ಹೋಗ್ಲಿಲ್ಲ ಅಂದ್ರೆ ಇದೇ ನನ್ನ ಕೊನೇ ಚಿತ್ರ. ಕೆಲಸ ಬಿಡ್ತೀನಿ.”

“ಅವನಿಗೋಸ್ಕರ ಕೆಲಸಾನೇ ಬಿಡ್ತೀರಾ?” ಅವನ ದನಿಯೂ ಏರಿತು. “ಅಷ್ಟು ಇಷ್ಟಾನಾ ಅವನು?”

“ಯಾರು?”

“ಇವನೇ! ವಾರವಾರ ಜೀವ ಇಟ್ಟು ಬರೀತೀರಲ್ಲ! ನೋಡಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ, ಅದಕ್ಕೇ ಮುಚ್ತಿದ್ದೆ. ತಪ್ಪು ನನ್ನದೇ, ಒಪ್ಕೋತೀನಿ... ಆದ್ರೆ ನಿಮ್ಮನ್ನ ಇಷ್ಟಪಟ್ಟವನು ಎಷ್ಟು ವಾರ ಅಂತ ಇದನ್ನ ನೋಡ್ಕೊಂಡು ಕೂರ್ಬೇಕು ಹೇಳಿ?”

ನಗಬೇಕೋ ಅಳಬೇಕೋ ತಿಳಿಯದೆ ಅವಳು ಹಣೆ ಚಚ್ಚಿಕೊಂಡಳು.

“ತಿರುಗಿ!”

“ಏನು?”

“ಗೋಡೆ ಕಡೆ ತಿರುಗಿ ಅಂದೆ!”

ಬೆದರಿದ ಅವನು ತಿರುಗಿ ನಿಂತ. ಅವಳ ಮೊಬೈಲ್ ಕ್ಲಿಕ್ ಅಂದಿತು. ಆ ಫೋಟೋವನ್ನೂ ತಲೆಬರಹವಿಲ್ಲದ ತನ್ನ ಮೂಲಚಿತ್ರವನ್ನೂ ಅವನ ಮುಂದೆ ಪಕ್ಕಪಕ್ಕ ಇಟ್ಟಳು. ಒಂದು ಕಡೆ ಮಡಚಿಕೊಂಡ ಅದೇ ಕಾಲರ್. ಕೊಂಚ ಇಳಿದ ಅದೇ ಎಡಹೆಗಲು. ತಲೆಯಲ್ಲಿ ಅದೇ ಎರಡು ಸುಳಿ.

ಅವನು ತನ್ನ ಕಾಲರ್ ಮುಟ್ಟಿ ನೋಡಿಕೊಂಡ.

“ಇದು... ನಾನಾ?”

“ಆರು ತಿಂಗಳಿಂದ ನಿಮ್ಮ ಹಿಂದೆ ಕೂತಿದ್ದೀನಿ. ನನಗೆ ಕಾಣ್ಸೋದು ಇಷ್ಟೇ!” ಅವಳ ಕಣ್ಣು ತುಂಬಿತ್ತು. “ಒಂದ್ಸಲ ತಿರುಗಿ ನೋಡಿದ್ರೆ ಮುಖಾನೂ ಬರೀತಿದ್ದೆ.”

ಅವನು ಕಂಪ್ಯೂಟರಿನ ಮುಂದೆ ಕೂತು, ಮಂಡಿನೋವನ್ನು ಎಳೆದು ಆಕಾಶಕ್ಕೆ ಹಾಕಿದ. ಹುಡುಗಿಯ ಕೈಗೂ ಆ ಹೆಗಲಿಗೂ ನಡುವೆ ಬೆರಳಗಲ ಜಾಗವಷ್ಟೇ ಉಳಿದಿತ್ತು. ಅವಳು ಕೈ ಚಾಚಿ, ಮೆಲ್ಲಗೆ ಅವನ ಹೆಗಲು ತಟ್ಟಿದಳು.

ಅವನು ತಿರುಗಿದ.

“ಎರಡು ಸುಳಿ ಇದ್ದೋರಿಗೆ ಎರಡು ಮದುವೆ ಅಂತ ನಮ್ಮಮ್ಮ ರೇಗಿಸ್ತಿದ್ಲು...”

“ಆಗ್ಲಿ ಬಿಡಿ. ಎರಡು ಸಲಾನೂ ನನ್ನನ್ನೇ!”