ನಾನೂರ ಹದಿನೇಳನೇ ಮೇಣದ ಬಿಲ್ಲೆ

ಕಾಂತಿ ಅವರಿಗೆ ಕುರ್ಚಿ ಕೊಟ್ಟರೂ ಕೂರಲಿಲ್ಲ. ಜುಲೈಕಾ ಮೇಡಂ ಮನೆಯ ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಮಾತಾಡಿದರು.

"ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ನನ್ನ ಎಡದ ಎದೆ ಪೂರ್ತಿ ತೆಗೀತಾರೆ ಮೇಡಂ. ಅದಕ್ಕೆ ಮೊದಲು ಒಂದು ಸಲ ಬೇರೆ ಡಾಕ್ಟ್ರು ನೋಡ್ಲಿ ಅಂತ ಲ್ಯಾಬಿನಲ್ಲಿ ಕೇಳಿದೆ. ನೋಡ್ಲಿಕ್ಕೆ ವಸ್ತುವೇ ಇಲ್ಲ ಅಂತಾರೆ. ಬ್ಲಾಕ್ ಇಲ್ಲ, ಸ್ಲೈಡ್ ಸಹ ಇಲ್ಲ. ಎರಡೂ ಕಾಣೆ."

"ಗಡ್ಡೆ ತೆಗೆದು ಎಷ್ಟು ದಿನ ಆಯ್ತು?"

"ಹೋದ ವಾರ ಸೋಮವಾರ. ಸಣ್ಣದು, ಹುಣಸೆಬೀಜದಷ್ಟು. ಎಂತದೂ ಇರ್ಲಿಕ್ಕಿಲ್ಲ ಅಂದಿದ್ರು ಡಾಕ್ಟ್ರು. ಶನಿವಾರ ರಿಪೋರ್ಟ್ ಬಂತು. ಕ್ಯಾನ್ಸರ್." ಅಷ್ಟು ಹೇಳಿ ಅವರು ಮತ್ತೆ ನಡೆದರು. "ಇದ್ದರೆ ತೆಗೀಲಿ ಮೇಡಂ, ನಾನು ಹೆದರುವುದಿಲ್ಲ. ಇಲ್ಲದ್ದಕ್ಕೆ ತೆಗೆಯುವುದು ಬೇಡ."

ಅಂದು ಬುಧವಾರ. ನಡುವೆ ಉಳಿದದ್ದು ಒಂದೇ ದಿನ.

ಸಿದ್ಧಕಟ್ಟೆಯಲ್ಲಿ ಗಂಡನೊಂದಿಗೆ ಹೋಟೆಲು ನಡೆಸುವ ಕಾಂತಿ ಗುರುವಾಯನಕೆರೆಯವರೆಗೆ ಬಂದದ್ದು ಸುಮ್ಮನೆ ಅಲ್ಲ. ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ಪ್ಯಾಥಾಲಜಿ ವಿಭಾಗದಲ್ಲಿ ಜುಲೈಕಾ ಮೇಡಂ ಮೂವತ್ತೆರಡು ವರ್ಷ ಮಾಂಸದ ಚೂರುಗಳನ್ನು ಕೊಯ್ದು, ಬಣ್ಣ ಹಾಕಿ, ಹುಡುಗರಿಗೆ ಕಲಿಸಿ ನಿವೃತ್ತರಾದವರು. ಅಲ್ಲೇ ಮಾಂಸ ಕೆಡದಂತೆ ಇಡುವ ಫಾರ್ಮಲಿನ್ ಬಕೆಟು ಹೊರುವ ಅಟೆಂಡರ್ ಆಗಿದ್ದವನು ನಾನು, ಲೋಕಯ್ಯ. ಈಗ ನನ್ನ ಹಳೆಯ ಓಮ್ನಿಯಲ್ಲಿ ಅವರನ್ನು ಕರೆದುಕೊಂಡು ತಿರುಗುತ್ತೇನೆ. ಪೊಲೀಸರಿಗೆ ಹೇಳಲು ಸಂಕೋಚಪಡುವ ಗೋಜಲುಗಳನ್ನೆಲ್ಲ ಸುತ್ತಲಿನ ಜನ ಅವರ ಜಗಲಿಗೆ ತರುತ್ತಾರೆ. ಮಾತಾಡುವುದು ಅವರ ಕೆಲಸ, ಕೇಳಿಸಿಕೊಳ್ಳುವುದು ನನ್ನದು.

"ಲೋಕಯ್ಯಣ್ಣ, ನಿಮ್ಮ ಗಾಡಿ ಮೂಡುಬಿದಿರೆಯ ಆ ಲ್ಯಾಬಿನವರೆಗೆ ಓಡ್ತದಾ, ಇಲ್ಲ ನಾವೇ ದೂಡಬೇಕಾ?" ಎಂದು ಮೇಡಂ ಚಪ್ಪಲಿ ಮೆಟ್ಟಿದರು.

ದಾರಿಯಲ್ಲಿ ಅವರು ಕಾಂತಿಗೆ ವಿವರಿಸಿದರು. ತೆಗೆದ ಗಡ್ಡೆಯನ್ನು ಕ್ಯಾಸೆಟ್ ಎಂಬ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅದರ ಮೇಲೆ ನಂಬರು ಬರೆಯುತ್ತಾರೆ. ರಾತ್ರಿಯಿಡೀ ಅದು ಸ್ಪಿರಿಟ್ಟಿನಲ್ಲಿ, ಆಮೇಲೆ ಕ್ಸೈಲೀನ್ ಎಂಬ ದ್ರಾವಣದಲ್ಲಿ, ಕೊನೆಗೆ ಕಾದ ಮೇಣದಲ್ಲಿ ಮುಳುಗಿರುತ್ತದೆ. ಬೆಳಿಗ್ಗೆ ಅದನ್ನು ಮೇಣದ ಬಿಲ್ಲೆಯಾಗಿ ಅಚ್ಚು ಹಾಕುತ್ತಾರೆ. ಅದೇ ಬ್ಲಾಕ್. ಕೂದಲಿಗಿಂತ ತೆಳ್ಳಗೆ ಅದರಿಂದ ಎಸಳು ಕೊಯ್ದು ಬಿಸಿನೀರಿನ ಮೇಲೆ ತೇಲಿಸಿ, ಗಾಜಿನ ಮೇಲೆತ್ತಿ ಬಣ್ಣ ಹಾಕಿದರೆ ಸ್ಲೈಡ್.

"ಇಷ್ಟೆಲ್ಲ ಸ್ನಾನ ಮಾಡಿಸುವಾಗ ಒಬ್ಬರದ್ದು ಒಬ್ಬರದ್ದೇ ಅಂತ ಗೊತ್ತಾಗುವುದು ಹೇಗೆ?" ಎಂದು ಕಾಂತಿ ಕೇಳಿದರು.

"ಆ ನಂಬರೊಂದೇ ಆಧಾರ," ಎಂದರು ಮೇಡಂ.

ಲ್ಯಾಬಿನ ಮಾಲಿಕ ತರುಣ್ ಬಾಗಿಲಲ್ಲೇ ಎದುರಾದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ನೀಲಿ ಪೆನ್ನು. ಹನ್ನೊಂದು ವರ್ಷ ಗಲ್ಫಿನ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು, ಎರಡು ವರ್ಷದ ಹಿಂದೆ ಊರಿಗೆ ಬಂದು ಇದನ್ನು ತೆರೆದವನು.

"ನಾನೇ ನಿಂತು ಎಲ್ಲರ ಬ್ಯಾಗು, ಡ್ರಾಯರು ತಪಾಸಣೆ ಮಾಡಿಸಿದ್ದೇನೆ ಮೇಡಂ. ನನ್ನ ಮೇಜು ಸಹ. ಬಿಲ್ಡಿಂಗಿನೊಳಗೆ ಇಲ್ಲ." ಅವನು ದನಿ ತಗ್ಗಿಸಿದ. "ಬ್ಲಾಕ್ ಇಡುವ ಕಪಾಟಿನ ಕೀ ಸುಹೈಬನ ಹತ್ತಿರ ಇರುವುದು. ಮುಂದಿನ ತಿಂಗಳು ಅವನು ದೋಹಾಕ್ಕೆ ಹೋಗುವವ. ಎಂತದೋ ತಪ್ಪು ಮಾಡಿ ಮುಚ್ಚಿ ಹಾಕಿದ್ದಾನೆ. ನಾನು ಅವನ ಹೊಸ ಕಂಪೆನಿಗೆ ಬರೀತೇನೆ, ಬಿಡುವುದಿಲ್ಲ."

"ಇನ್ನೊಂದು ಕೀ?"

"ಅದು ನನ್ನದು. ಮಾಲಿಕ ಅಲ್ವಾ," ಎಂದು ನಕ್ಕ. ಮರುಕ್ಷಣವೇ ಹೊರಗೆ ನೋಡಿ, "ಒಂದು ನಿಮಿಷ, ಬಿಸಿಲು ಬಂತು," ಎಂದು ಹೋಗಿ ತನ್ನ ಕಾರನ್ನು ಹಲಸಿನ ಮರದ ನೆರಳಿಗೆ ಸರಿಸಿ ಬಂದ.

ಟೆಕ್ನೀಷಿಯನ್ ಸುಹೈಬ್ ಬಣ್ಣದ ತೊಟ್ಟಿಗಳ ಪಕ್ಕದಲ್ಲಿ ಗೋಡೆಗೆ ಅಂಟಿ ನಿಂತಿದ್ದ. ಬೆರಳ ತುದಿಗಳು ನೇರಳೆಯಾಗಿದ್ದವು.

"ನಾನು ತೆಗೀಲಿಲ್ಲ ಮೇಡಂ, ಅಲ್ಲಾಹನಾಣೆ. ಅಚ್ಚು ಹಾಕಿದ್ದು ಸಹ ನಾನಲ್ಲ. ಆ ಸೋಮವಾರ ನಾನು ವೀಸಾದ ಮೆಡಿಕಲ್ ಅಂತ ಮಂಗಳೂರಿಗೆ ಹೋಗಿದ್ದೆ. ಮಂಗಳವಾರ ಒಂಬತ್ತಕ್ಕೆ ಬಂದಾಗ ಎರಡೂ ಬಿಲ್ಲೆ ಅಚ್ಚಾಗಿ ತಣ್ಣಗಾಗಿತ್ತು. ನಾನು ಕೊಯ್ದು ಬಣ್ಣ ಹಾಕಿದ್ದು ಮಾತ್ರ."

"ಎರಡೇ?"

"ಆ ದಿನ ಬಂದದ್ದೇ ಎರಡು. ೪೧೭, ೪೧೮. ಎರಡೂ ಎದೆಯ ಗಡ್ಡೆ."

"ಮಂಗಳವಾರ ಬೆಳಿಗ್ಗೆ ಬೇರೆ ಎಂತಾದ್ರೂ ವಿಚಿತ್ರ ಕಂಡಿತ್ತಾ? ಸಣ್ಣದಾದ್ರೂ ಹೇಳು ಮಾರಾಯ."

ಅವನು ತಲೆ ಕೆರೆದುಕೊಂಡ. "ಮೊದಲ ಸ್ಪಿರಿಟ್ ಜಾರು ಸ್ವಲ್ಪ ನೀಲಿ ನೀಲಿ ಇತ್ತು. ಕೊಳೆಯಾಗಿದೆ ಅಂತ ಚೆಲ್ಲಿ ಬೇರೆ ಹಾಕಿದೆ."

ಮೇಡಂ ತಲೆಯಾಡಿಸಿ ಕಪಾಟಿನತ್ತ ಹೋದರು. ಉದ್ದ ಡ್ರಾಯರಿನಲ್ಲಿ ಬಿಲ್ಲೆಗಳು ಸಾಲಾಗಿ ಕೂತಿದ್ದವು. ೪೧೬ರ ಪಕ್ಕ ಒಂದು ಖಾಲಿ ಜಾಗ, ಆಮೇಲೆ ೪೧೮. ಅವರು ಆ ಖಾಲಿ ಜಾಗವನ್ನು ನೋಡಲೇ ಇಲ್ಲ. ೪೧೬ನ್ನು ಎತ್ತಿ ನಂಬರಿನ ಮೇಲೆ ಹೆಬ್ಬೆರಳಿನ ಉಗುರಿನಿಂದ ಕೆರೆದರು. ಮೇಣದ ಪೊರೆ ಎದ್ದಿತು, ಪೆನ್ಸಿಲಿನ ಅಂಕಿ ಹಾಗೇ ಉಳಿಯಿತು. ೪೧೯ರಲ್ಲೂ ಹಾಗೆಯೇ. ೪೧೮ರ ಕೊನೆಯ ಅಂಕಿಯನ್ನು ಕೆರೆದಾಗ ಮೇಣದ ಜೊತೆಗೆ ಅರ್ಧ ಎಂಟು ಅವರ ಉಗುರಿಗೆ ಬಂತು. ನನಗೆ ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಅದೇ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಬಿಳಿ ಮಾಂಸದ ಚೂರನ್ನು ಬಹಳ ಹೊತ್ತು ತಿರುಗಿಸಿ ನೋಡಿದರು.

ಗಡ್ಡೆ ಪರೀಕ್ಷಿಸಿ ಕ್ಯಾಸೆಟ್ಟಿಗೆ ಹಾಕುವ ಮೇಜಿನ ಕಾಲಿಗೆ ದಾರ ಕಟ್ಟಿದ ಒಂದು ಮೋಟು ಪೆನ್ಸಿಲು ತೂಗುತ್ತಿತ್ತು. ಮೇಜಿನ ಮೇಲೆ ರಿಜಿಸ್ಟರು. ಲ್ಯಾಬಿನ ಡಾಕ್ಟರ್ ಪ್ರಾಪ್ತಿ ಅದನ್ನು ತೆರೆದುಕೊಟ್ಟರು. ಆ ಸೋಮವಾರ ಎರಡೂ ಗಡ್ಡೆಗಳನ್ನು ಪರೀಕ್ಷಿಸಿದ್ದು ಅವರೇ. ಅಂದು ಸಂಜೆಯೇ ತಂಗಿಯ ಮದುವೆಗೆ ರಜೆ ಹಾಕಿ ಹೋಗಿದ್ದರು. ರಿಜಿಸ್ಟರು ನೋಡದೆ, ಸ್ಲೈಡ್ ಮಾತ್ರ ಓದಿ ವರದಿ ಕೊಟ್ಟದ್ದು ಆ ವಾರದ ಮಟ್ಟಿಗೆ ಹೊರಗಿನಿಂದ ಬಂದ ಡಾಕ್ಟರು.

"ಸೋಮವಾರ ನಾನು ಹೇಳುತ್ತಾ ಹೋದೆ, ಜೊತೆಗಿದ್ದವರು ಬರೆದುಕೊಂಡರು," ಎಂದರು ಪ್ರಾಪ್ತಿ. ಪುಟದ ತುಂಬ ನೀಲಿ ಪೆನ್ನಿನ ಓರೆ ಅಕ್ಷರ.

ಮೇಡಂ ಗಟ್ಟಿಯಾಗಿ ಓದಿದರು: "೪೧೭, ಕಾಂತಿ, ಸಿದ್ಧಕಟ್ಟೆ. ಒಂದು ಗಡ್ಡೆ, ನಯವಾದ ಹೊರಮೈ. ೪೧೮, ಜಸೀಲಾ, ಶಿರ್ತಾಡಿ. ಒಂದು ಗಡ್ಡೆ, ಅಂಚಿಗೆ ಇಂಡಿಯಾ ಇಂಕ್ ಬಳಿದಿದೆ. ಅದೆಂತಕ್ಕೆ ಇವಳಿಗೆ ಮಾತ್ರ?"

"ಅವಳ ಸರ್ಜನ್ನಿಗೆ ಸಂಶಯ ಇತ್ತು. ಅಂಚಿನವರೆಗೆ ರೋಗ ಬಂದಿದೆಯಾ ನೋಡಿ ಅಂತ ಬರೆದಿದ್ರು. ಆದರೆ ಅವಳದ್ದು ಸಾದಾ ಗಡ್ಡೆ ಅಂತ ವರದಿ ಬಂತಲ್ಲ. ಬಚಾವಾದಳು."

ತರುಣ್ ಮತ್ತೆ ಹೊರಗೆ ಹೋದ. ನಾನೂ ನೀರು ಕುಡಿಯುವ ನೆಪದಲ್ಲಿ ಬಾಗಿಲಿಗೆ ಬಂದೆ. ಮೈಮೇಲೆ ಎರಡು ವಾರದ ಧೂಳು ಹೊತ್ತ ಆ ಕಾರನ್ನು ಅವನು ನೆರಳಿನ ಜೊತೆಗೆ ಇನ್ನೆರಡು ಮಾರು ಸರಿಸಿದ. ಇಳಿಯುವಾಗ ಗಾಜುಗಳನ್ನು ಅರ್ಧ ಇಳಿಸಿದ. ನಾನು ಗಾಡಿ ಓಡಿಸುವವನು, ಇಂಥದ್ದು ಕಣ್ಣಿಗೆ ಬೀಳುತ್ತದೆ. ಒಳಗೆ ಬಂದು ಮೇಡಂ ಕಿವಿಯಲ್ಲಿ ಹೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. "ಲೋಕಯ್ಯಣ್ಣ, ನನ್ನ ಹತ್ತಿರ ಎಲ್ಲ ಇತ್ತು, ಇದೊಂದು ಇರ್ಲಿಲ್ಲ. ಎಲ್ಲರನ್ನೂ ಚಾ ಕುಡಿಯುವ ಕೋಣೆಗೆ ಕರೀರಿ."

ಹನ್ನೆರಡು ಗಂಟೆಯ ಹೊತ್ತು. ಕಾಂತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದರು. ಸುಹೈಬ್ ನೆಲ ನೋಡುತ್ತಿದ್ದ. ತರುಣ್ ಕಿಟಕಿಯ ಬಳಿ, ಪ್ರಾಪ್ತಿ ಮೇಜಿನ ಆಚೆ.

"ಕಳವಾದ ಬಿಲ್ಲೆಯ ಬಗ್ಗೆ ನನಗೆ ಹೆಚ್ಚು ಹೇಳ್ಲಿಕ್ಕಿಲ್ಲ," ಎಂದು ಮೇಡಂ ಶುರು ಮಾಡಿದರು. "ಕಳವಾಗದೆ ಉಳಿದ ಬಿಲ್ಲೆಯ ಬಗ್ಗೆ ಹೇಳ್ತೇನೆ. ಸುಹೈಬ್, ಕ್ಯಾಸೆಟ್ ಮೇಲೆ ಎಂತದ್ರಲ್ಲಿ ಬರೀತಿ?"

"ಪೆನ್ಸಿಲಿನಲ್ಲಿ. ಪೆನ್ನಿನದ್ದು ಸ್ಪಿರಿಟ್ಟಿನಲ್ಲಿ ಕರಗಿ ಹೋಗ್ತದೆ."

"ಮೊದಲು ಬರೆದು ಆಮೇಲೆ ಮೇಣಕ್ಕೆ ಹಾಕುವುದರಿಂದ ಅಕ್ಷರ ಕೆಳಗೆ, ಮೇಣ ಮೇಲೆ. ಕೆರೆದರೆ ಮೇಣ ಮಾತ್ರ ಬರ್ತದೆ. ೪೧೮ರಲ್ಲಿ ಮೇಣದ ಜೊತೆ ಅಂಕಿಯೂ ಬಂತು. ಅಂದರೆ ಅದನ್ನು ಬರೆದದ್ದು ಮೇಣ ಹತ್ತಿದ ಮೇಲೆ. ಯಾಕೆ? ಮೊದಲು ಬರೆದದ್ದು ಕರಗಿ ಹೋಗಿತ್ತು. ಸ್ಪಿರಿಟ್ ನೀಲಿಯಾದದ್ದು ಕೊಳೆಯಿಂದ ಅಲ್ಲ. ಒಂದೇ ಡಬ್ಬಿಯ ನಂಬರು ಹೋಗಿದ್ದರೆ ಇನ್ನೊಂದನ್ನು ನೋಡಿ ಇದು ಯಾರದ್ದು ಅಂತ ಹೇಳಬಹುದಿತ್ತು. ಎರಡೂ ಬೋಳು. ಎರಡರಲ್ಲೂ ಹುಣಸೆಬೀಜದಷ್ಟು ಬಿಳಿ ಚೂರು. ಆ ಬೆಳಿಗ್ಗೆ ಒಬ್ಬರು ಅಂದಾಜಿನಲ್ಲಿ ನಂಬರು ಬರೆದರು."

ನನ್ನ ತಂದೆ ದೀಪದ ಮುಂದೆ ಕಾವ್ಯ ಓದುವಾಗ ಪದ್ಯದ ಅರ್ಧದಲ್ಲಿ ಉಸಿರು ತಡೆದು ನಿಲ್ಲುತ್ತಿದ್ದರು. ಕೇಳುವವರೆಲ್ಲ ಮುಂದಿನ ಪದಕ್ಕೆ ಕಾಯುತ್ತಿದ್ದೆವು. ಆ ಕೋಣೆ ಹಾಗೆ ನಿಂತಿತ್ತು.

"ಇಂಡಿಯಾ ಇಂಕ್ ಬೇರೆ ಜಾತಿ," ಎಂದರು ಮೇಡಂ. "ಅದು ಕಾಡಿಗೆ. ಸ್ಪಿರಿಟ್ಟಿಗೂ ಕರಗುವುದಿಲ್ಲ, ಮೇಣಕ್ಕೂ ಹೋಗುವುದಿಲ್ಲ. ಪ್ರಾಪ್ತಿ ಜಸೀಲಾಳ ಗಡ್ಡೆಗೆ ಅದನ್ನು ಬಳಿದಿದ್ದಾರೆ. ಜಸೀಲಾಳ ಹೆಸರಿನ ೪೧೮ರಲ್ಲಿ ಕಪ್ಪು ಅಂಚು ಎಲ್ಲುಂಟು? ಕಿಟಕಿಗೆ ಹಿಡಿದು ನೋಡಿ. ಅಚ್ಚ ಬಿಳಿ."

ಪ್ರಾಪ್ತಿ ಬಿಲ್ಲೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ತಿರುಗಿಸಿ ಇನ್ನೊಂದು ಮಗ್ಗುಲನ್ನೂ ನೋಡಿದರು.

"ನಿನ್ನೆ ಕಾಂತಿ ಬ್ಲಾಕ್ ಕೇಳಿದಾಗ ಆ ವ್ಯಕ್ತಿ ೪೧೭ನ್ನು ತೆಗೆದು ನೋಡಿರಬೇಕು. ಅದರಲ್ಲಿ ಇರಬಾರದ ಕಪ್ಪು ಅಂಚು ಕಂಡಿತು. ಬೇರೆ ಡಾಕ್ಟ್ರು ನೋಡಿದರೆ ಮುಗೀತು. ಬಿಲ್ಲೆಯನ್ನೂ ಸ್ಲೈಡನ್ನೂ ಎತ್ತಿದ. ೪೧೮ನ್ನು ಯಾರೂ ಕೇಳಿರ್ಲಿಲ್ಲ, ಅದನ್ನು ಬಿಟ್ಟ."

"ಸುಹೈಬನಿಗೂ ಕೀ ಉಂಟು," ಎಂದ ತರುಣ್.

"ಅವನು ಆ ದಿನ ಮಂಗಳೂರಿನಲ್ಲಿದ್ದ. ಅವನಿದ್ದಿದ್ದರೆ ದಾರಕ್ಕೆ ಕಟ್ಟಿದ ಪೆನ್ಸಿಲು ಬಿಟ್ಟು ಪೆನ್ನು ಹಿಡಿಯುತ್ತಿರ್ಲಿಲ್ಲ. ಕೈಯಿಂದ ನಂಬರು ಬರೆದು ಅಭ್ಯಾಸವೇ ಇಲ್ಲದವರು ಮಾಡುವ ತಪ್ಪು ಇದು. ಗಲ್ಫಿನ ನಿಮ್ಮ ಲ್ಯಾಬಿನಲ್ಲಿ ಕ್ಯಾಸೆಟ್ ಮೇಲೆ ನಂಬರು ಯಾರು ಬರೀತಿದ್ರು ತರುಣ್?"

ಅವನು ಕಿಟಕಿಯಿಂದ ಹೊರಗೆ ನೋಡಿದ. "ಮೆಷಿನ್. ಅದು ಪ್ರಿಂಟ್ ಮಾಡಿ ಕೊಡುತ್ತಿತ್ತು."

"ಪ್ರಾಪ್ತಿ, ಆ ದಿನ ನಿಮಗೆ ಬರೆದುಕೊಟ್ಟವರು?"

"ಇವರೇ," ಎಂದರು ಪ್ರಾಪ್ತಿ ಮೆಲ್ಲಗೆ.

"ಎಲ್ಲರ ಎದುರು ತಪಾಸಣೆ ಮಾಡಿಸಿದ್ದೀರಿ, ಹಾಗಾಗಿ ಕಟ್ಟಡದೊಳಗೆ ಇಡ್ಲಿಕ್ಕಿಲ್ಲ. ಧೂಳು ಒರೆಸದ ಕಾರಿಗೆ ಬೆಳಿಗ್ಗೆಯಿಂದ ಎರಡು ಸಲ ನೆರಳು ಹುಡುಕಿದ್ದೀರಿ. ಕಾರಿಗೆ ಬಿಸಿಲು ಎಂತ ಮಾಡ್ತದೆ? ಬಿಸಿಲಿಗೆ ಹೆದರುವುದು ಮೇಣ." ಮೇಡಂ ಗಡಿಯಾರ ನೋಡಿದರು. "ಈಗ ನೆರಳು ಪೂರ್ತಿ ಆಚೆ ಹೋಗಿದೆ. ಇನ್ನು ಅರ್ಧ ಗಂಟೆ ವಾದ ಮಾಡುವುದಾದರೂ ಮಾಡುವ, ನನಗೆ ತೊಂದರೆಯಿಲ್ಲ. ಆ ಬಿಲ್ಲೆಯೊಳಗೆ ಒಬ್ಬಳ ಜೀವ ಉಂಟು."

ತರುಣ್ ಓಡಿದ. ಕಾರಿನ ಮುಂದಿನ ಪೆಟ್ಟಿಗೆಯಿಂದ ಒದ್ದೆ ಟವೆಲಿನಲ್ಲಿ ಸುತ್ತಿದ ಕನ್ನಡಕದ ಡಬ್ಬಿ ತಂದ. ಬಿಲ್ಲೆಯ ಮೂಲೆ ಮೆತ್ತಗಾಗಿತ್ತು, ನಡು ಗಟ್ಟಿಯಿತ್ತು. ಬಿಳಿ ಚೂರಿನ ಸುತ್ತ ಕಾಡಿಗೆ ತೀಡಿದಂಥ ಗೆರೆ.

"ಎಸೆಯುವ ಅಂತ ಹೊಳೆಯವರೆಗೆ ಹೋಗಿದ್ದೆ," ಎಂದ ತಲೆ ತಗ್ಗಿಸಿ. "ಕೈ ಬರ್ಲಿಲ್ಲ. ಬ್ಲಾಕ್ ಇಲ್ಲದಿದ್ದರೆ ಇವರ ಆಪರೇಷನ್ ಮುಂದೆ ಹಾಕ್ತಾರೆ, ಅಷ್ಟರಲ್ಲಿ ಏನಾದರೂ ಹೇಳಿ ಜಸೀಲಾಳನ್ನು ಮತ್ತೆ ಕರೆಸುವ ಅಂತ..."

"ಮುಂದೆ ಹಾಕ್ಲಿಲ್ಲ," ಎಂದರು ಕಾಂತಿ. "ನಿನ್ನೆ ಕೌಂಟರಿನಲ್ಲಿ ನಿಮಗೇ ಹೇಳಿದ್ದೆ, ಶುಕ್ರವಾರ ಅಂತ. ನೀವು ಕೂತ್ಕೊಳ್ಳಿ ಅಕ್ಕ, ನೀರು ಬೇಕಾ ಅಂತ ಕೇಳಿದ್ರಿ."

ತರುಣ್‌ಗೆ ತನ್ನ ಕೈಯಿಂದಲೇ ಎರಡೂ ಆಸ್ಪತ್ರೆಗಳಿಗೆ ಪತ್ರ ಬರೆದು ಸಹಿ ಹಾಕಲು ಮೇಡಂ ಕಾಗದ ಕೊಟ್ಟರು. ದೂರು ಕೊಡುವುದು ಬಿಡುವುದು ಆ ಇಬ್ಬರು ಹೆಂಗಸರಿಗೆ ಸೇರಿದ್ದು ಎಂದರು. ಸುಹೈಬನಿಗೂ ಒಂದು ಪತ್ರವಾಯಿತು, ದೋಹಾಕ್ಕೆ, ಹೊಗಳಿಕೆಯದ್ದು.

ಸುಹೈಬ್ ಎರಡೂ ಬಿಲ್ಲೆಗಳನ್ನು ಐಸಿನ ಮೇಲಿಟ್ಟು ಹೊಸ ಎಸಳು ಕೊಯ್ದ. ಎಸಳು ಗಾಜಿನ ಮೇಲೆ ಒಣಗಿ ಹತ್ತಬೇಕು, ಅವಸರ ನಡೆಯುವುದಿಲ್ಲ. ಆಮೇಲೆ ನೇರಳೆ, ಅದರ ಮೇಲೆ ಗುಲಾಬಿ. ಕಾಂತಿ ಕಾರಿಡಾರಿನಲ್ಲಿ ನಡೆದರು. ನಾನು ಮನಸ್ಸಿನಲ್ಲೇ ದೇವರ ನಾಮ ಎಣಿಸಿದೆ. ಎರಡು ಗಂಟೆಯ ನಂತರ ಪ್ರಾಪ್ತಿ ಮೈಕ್ರೋಸ್ಕೋಪಿನಿಂದ ತಲೆಯೆತ್ತಿದರು.

"ಕಪ್ಪು ಅಂಚಿನದ್ದರಲ್ಲಿ ಕ್ಯಾನ್ಸರ್. ಅಂಚು ಮುಟ್ಟಿಲ್ಲ. ಇನ್ನೊಂದು ಸಾದಾ ಗಡ್ಡೆ. ಕಾಂತಿಯಕ್ಕ, ನಿಮಗೆ ಎಂತದೂ ಇಲ್ಲ."

ಕಾಂತಿ ಆಗ ಕೂತರು, ಬೆಳಿಗ್ಗೆಯಿಂದ ಮೊದಲ ಬಾರಿ. ಗಂಡನಿಗೂ ಡಾಕ್ಟರಿಗೂ ಫೋನು ಮಾಡಿದರು, ಅತ್ತರು, ಮೂಗು ಒರೆಸಿದರು. ಮತ್ತೆ ಎದ್ದು ನಿಂತು, "ಆ ಹೆಂಗಸಿಗೆ ಯಾರು ಹೇಳ್ತಾರೆ?" ಎಂದು ಕೇಳಿದರು.

"ನಾನು," ಎಂದರು ಮೇಡಂ.

"ನಾನು ಸಹ ಬರ್ತೇನೆ."

ಶಿರ್ತಾಡಿಯಲ್ಲಿ ಜಸೀಲಾ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ಬಾಗಿಲು ತೆರೆದಳು. ಹೊಲಿಗೆ ಯಂತ್ರದ ಪಕ್ಕ ನೀಲಿ ಯೂನಿಫಾರ್ಮುಗಳ ರಾಶಿ. ಮೇಡಂ ಬ್ಯಾರಿ ಭಾಷೆಯಲ್ಲಿ, ಸಣ್ಣ ದನಿಯಲ್ಲಿ, ಏನನ್ನೂ ಬಿಡದೆ ಹೇಳಿದರು. ಅವಳು ಅಳತೆಪಟ್ಟಿಯನ್ನು ತೆಗೆದು ಸುರುಳಿ ಸುತ್ತಿದಳು. ಕೊನೆಗೆ ಕನ್ನಡದಲ್ಲಿ, ನನ್ನ ಕಡೆಗೋ ಗೋಡೆಯ ಕಡೆಗೋ ನೋಡುತ್ತಾ, "ತಡ ಆಗಿದೆಯಾ?" ಎಂದಳು.

"ಇಲ್ಲ," ಎಂದರು ಕಾಂತಿ. "ಶುಕ್ರವಾರ ಎಂಟು ಗಂಟೆ ಡಾಕ್ಟ್ರು ನನಗೆ ಇಟ್ಟ ಹೊತ್ತು. ಫೋನಿನಲ್ಲಿ ಹೇಳಿ ಆಯ್ತು, ಅದು ಈಗ ನಿನಗೆ. ಮೊದಲು ನೋಡ್ತಾರೆ, ಆಮೇಲೆ ಎಂತ ಮಾಡ್ಬೇಕೋ ಹೇಳ್ತಾರೆ. ಏಳಕ್ಕೆ ನಾನು ಇಲ್ಲಿಗೆ ಬರ್ತೇನೆ, ಒಟ್ಟಿಗೆ ಹೋಗುವ."

ಜಸೀಲಾ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಯೂನಿಫಾರ್ಮಿನ ರಾಶಿಯನ್ನು ನೋಡಿದಳು.

"ಹಾಗಾದ್ರೆ ಇದನ್ನೆಲ್ಲ ನಾಳೆಯೇ ಮುಗಿಸ್ಬೇಕು," ಎಂದು ಯಂತ್ರದ ಮುಂದೆ ಕೂತು ಪೆಡಲಿನ ಮೇಲೆ ಕಾಲು ಇಟ್ಟಳು. ಸೂಜಿ ಓಡತೊಡಗಿತು. ಕಾಂತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗೆ ಕೂತು ಗುಂಡಿ ಹೊಲಿಯಲು ಒಂದು ಅಂಗಿ ಎಳೆದುಕೊಂಡರು.

ಮೇಡಂ ನನಗೆ ಸನ್ನೆ ಮಾಡಿದರು. ನಾವಿಬ್ಬರು ಹೊರಗೆ ಬಂದ ಮೇಲೂ ಆ ಯಂತ್ರದ ಸದ್ದು ನಿಲ್ಲಲಿಲ್ಲ.